ಸೆಕೆಂಡ್ ಪಿಯು ಗಣಿತ: ಪುಸ್ತಕ ಮುಚ್ಚಿ ಓದುವ ಬಗೆ

"ಸರ್, ಮನೇಲಿ ಮಾಡ್ದಾಗ ಬಂದಿತ್ತು, ಇಲ್ಲಿ ಬರ್ಲಿಲ್ಲ."

ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ಯಾರನ್ನೇ ಕೇಳಿ, ಟೆಸ್ಟ್ ಮುಗಿದಾಗಲೆಲ್ಲ ಈ ಮಾತು ಅವರ ಕಿವಿಗೆ ಬಿದ್ದಿರುತ್ತದೆ. ಮಕ್ಕಳು ಸುಳ್ಳು ಹೇಳುತ್ತಿರುವುದಿಲ್ಲ. ಒಮ್ಮೆ ಹೀಗೆ ಹೇಳಿದ ಹುಡುಗಿಗೆ "ಮನೇಲಿ ಹೇಗೆ ಮಾಡಿದ್ಯೋ ಹಾಗೇ ಮಾಡಿ ತೋರಿಸಮ್ಮ" ಅಂದೆ. ನೋಟ್ಸ್ ತೆಗೆದು ಎಡಗಡೆ ಇಟ್ಟುಕೊಂಡಳು, ಬಲಗಡೆ ರಫ್ ಬುಕ್. ಎರಡು ಸಾಲು ಬರೆದಳು, ಕಣ್ಣು ಎಡಕ್ಕೆ ಹೋಯಿತು. ಇನ್ನೊಂದು ಸಾಲು, ಮತ್ತೆ ಕಣ್ಣು ಎಡಕ್ಕೆ. ಐದು ನಿಮಿಷದಲ್ಲಿ ಲೆಕ್ಕ ಮುಗಿಯಿತು. ಬಿಡಿಸಿದ್ದು ನೋಟ್ಸು. ಅವಳು ನಕಲು ಮಾಡುತ್ತಿದ್ದಳು, ಅದು ಅವಳಿಗೇ ಗೊತ್ತಿರಲಿಲ್ಲ.

ಈ ಬರಹದಲ್ಲಿ ನಾನು ಹೇಳುವುದೆಲ್ಲ ಆ ಎಡಗಡೆಯ ನೋಟ್ಸನ್ನು ಮುಚ್ಚಿಸುವುದಕ್ಕೆ. ಫಸ್ಟ್ ಪಿಯು ಸೇರುತ್ತಿರುವವರು ಮೊದಲಿನಿಂದ ಓದಿ. ಈಗಾಗಲೇ ಸೆಕೆಂಡ್ ಪಿಯು ಮಧ್ಯದಲ್ಲಿದ್ದು ಕೈಕಾಲು ಬಿಟ್ಟಿರುವವರೂ ಮೊದಲಿನಿಂದಲೇ ಓದಿ, ಏಕೆಂದರೆ ತೊಂದರೆ ಇರುವುದು ಸಾಮಾನ್ಯವಾಗಿ ನೀವು ಹುಡುಕುತ್ತಿರುವ ಜಾಗಕ್ಕಿಂತ ಎರಡು ವರ್ಷ ಹಿಂದೆ.

ಹೆಜ್ಜೆ 1: ಹೈಸ್ಕೂಲಿನ ಬಾಕಿ ತೀರಿಸಿ

ಇಂಟಿಗ್ರೇಶನ್ ಬರುವುದಿಲ್ಲ ಅಂದುಕೊಂಡು ಬರುವ ಹತ್ತು ಮಕ್ಕಳ ಪುಸ್ತಕ ತಿರುವಿದರೆ, ಹೆಚ್ಚಿನವರು ಎಡವಿರುವುದು ಇಂಟಿಗ್ರೇಶನ್‌ನಲ್ಲಲ್ಲ. (ಎಕ್ಸ್ + 3)² ಎಂದರೆ ಎಕ್ಸ್² + 9 ಎಂದು ಬರೆದಿರುತ್ತಾರೆ. ಬ್ರಾಕೆಟ್ ಬಿಡಿಸುವಾಗ ಮೈನಸ್ ಚಿಹ್ನೆ ಒಳಗಿನ ಮೊದಲ ಪದಕ್ಕೆ ಮಾತ್ರ ಹೋಗಿರುತ್ತದೆ. ಭಿನ್ನರಾಶಿ ಕೂಡುವಾಗ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿರುತ್ತಾರೆ.

ಒಂದು ಭಾನುವಾರ ಮಧ್ಯಾಹ್ನ ಕೂತು ಇಷ್ಟನ್ನು ಪುಸ್ತಕ ನೋಡದೆ ಮಾಡಿ: ಐದು ಅಪವರ್ತನ, ಐದು ವರ್ಗಸಮೀಕರಣ, ಎರಡು ಚರಾಕ್ಷರವಿರುವ ಸಮೀಕರಣಗಳ ಮೂರು ಜೋಡಿ, ಎಕ್ಸ್ ಇರುವ ಭಿನ್ನರಾಶಿಗಳನ್ನು ಕೂಡುವ ಐದು ಲೆಕ್ಕ, ಘಾತಾಂಕದ ಐದು ಲೆಕ್ಕ. ಎಲ್ಲಿ ತಪ್ಪಿತೋ ಆ ಭಾಗವನ್ನು ಒಂಬತ್ತು-ಹತ್ತನೇ ಕ್ಲಾಸಿನ ಪುಸ್ತಕದಿಂದಲೇ ಮತ್ತೆ ಮಾಡಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಒಂದು ವಾರ ಸಾಕು.

ಹಳೆಯ ಲೆಕ್ಕಕ್ಕೂ ಹೊಸದಕ್ಕೂ ಎಷ್ಟು ಹತ್ತಿರದ ನಂಟಿದೆ ನೋಡಿ. 1/ಎಕ್ಸ್‌ನಿಂದ 1/(ಎಕ್ಸ್ + 1) ಕಳೆಯಿರಿ ಎಂದರೆ ಲಸಾಅ ತೆಗೆದು 1/[ಎಕ್ಸ್(ಎಕ್ಸ್ + 1)] ಎಂದು ಬರೆಯುತ್ತೀರಿ. ಅದೇ ಉತ್ತರವನ್ನು ಕೊಟ್ಟು "ಇದನ್ನು ಹಿಂದಕ್ಕೆ ಬಿಡಿಸಿ ಎರಡು ತುಂಡು ಮಾಡಿ" ಎಂದರೆ ಸೆಕೆಂಡ್ ಪಿಯುನ ಪಾರ್ಶಿಯಲ್ ಫ್ರಾಕ್ಷನ್ ಆಯಿತು. ಹೆಸರು ಕೇಳಿ ಹೆದರುವ ಮಕ್ಕಳಿಗೆ ಇದನ್ನು ತೋರಿಸಿದರೆ "ಇಷ್ಟೇನಾ?" ಅನ್ನುತ್ತಾರೆ. ಅಷ್ಟೇ.

ಹೆಜ್ಜೆ 2: ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು

ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ತೊಂಬತ್ತು ತೆಗೆದವರು ಪಿಯು ಮೊದಲ ತಿಂಗಳಲ್ಲಿ ಹಿಂದಿನ ಬೆಂಚಿಗೆ ಜಾರುವುದನ್ನು ಎಷ್ಟು ಸಲ ನೋಡಿದ್ದೇನೋ. ಅವರಿಗೆ ಗಣಿತ ಗೊತ್ತು, ಹೆಸರು ಗೊತ್ತಿಲ್ಲ. ಬಹುಪದೋಕ್ತಿ ಹೋಗಿ ಪಾಲಿನಾಮಿಯಲ್ ಆಗಿದೆ, ಸಮಾಂತರ ಶ್ರೇಢಿ ಅರಿಥ್ಮೆಟಿಕ್ ಪ್ರೊಗ್ರೆಶನ್ ಆಗಿದೆ, ಸಂಭವನೀಯತೆ ಪ್ರಾಬಬಿಲಿಟಿ ಆಗಿದೆ. ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದು ಇಂಥ ಪದಗಳನ್ನು ಬರೆದುಕೊಳ್ಳಿ. ನೂರು ಪದ ದಾಟುವುದಿಲ್ಲ, ದಸರಾ ರಜೆ ಹೊತ್ತಿಗೆ ಆ ಪುಸ್ತಕವೇ ಬೇಡವಾಗುತ್ತದೆ.

ಪದಗಳಿಗಿಂತ ಮುಖ್ಯವಾದದ್ದು ಪ್ರಶ್ನೆಯ ಕ್ರಿಯಾಪದ. 'ಫೈಂಡ್' ಎಂದರೆ ಉತ್ತರ ಕಂಡುಹಿಡಿಯಬೇಕು. 'ಶೋ ದಟ್' ಎಂದರೆ ಉತ್ತರ ಅವರೇ ಕೊಟ್ಟಿದ್ದಾರೆ, ದಾರಿ ತೋರಿಸಬೇಕು. 'ವೆರಿಫೈ' ಎಂದರೆ ಎಡಬದಿ ಬೇರೆ, ಬಲಬದಿ ಬೇರೆ ಲೆಕ್ಕ ಹಾಕಿ ಎರಡೂ ಒಂದೇ ಎಂದು ತೋರಿಸಬೇಕು. ಇನ್ನು 'ಹೆನ್ಸ್' ಎನ್ನುವ ಪುಟ್ಟ ಪದ ಇಂಗ್ಲಿಷ್ ಮೀಡಿಯಂನವರನ್ನೂ ಕೆಡವುತ್ತದೆ. ಎ ಎನ್ನುವ ಮ್ಯಾಟ್ರಿಕ್ಸ್ ಕೊಟ್ಟು (ಐ ಎಂದರೆ ಐಡೆಂಟಿಟಿ ಮ್ಯಾಟ್ರಿಕ್ಸ್) 'ಎ² − 5ಎ + 7ಐ = 0 ಎಂದು ತೋರಿಸಿ, ಹೆನ್ಸ್ ಎ ಇನ್ವರ್ಸ್ ಕಂಡುಹಿಡಿಯಿರಿ' ಎಂದಿದ್ದರೆ, ಈಗಷ್ಟೇ ತೋರಿಸಿದ ಸಮೀಕರಣವನ್ನೇ ಬಳಸಬೇಕು. ಅದನ್ನು ಎ ಇನ್ವರ್ಸ್‌ನಿಂದ ಗುಣಿಸಿದರೆ ಎ − 5ಐ + 7 ಎ ಇನ್ವರ್ಸ್ = 0 ಆಗುತ್ತದೆ; ಅಲ್ಲಿಂದ ಎ ಇನ್ವರ್ಸ್ = (5ಐ − ಎ)/7. ಎರಡು ಸಾಲಿನ ಕೆಲಸ. ಅದನ್ನು ಬಿಟ್ಟು ಅಡ್ಜಾಯಿಂಟ್ ಹಾಕಿ ಇನ್ವರ್ಸ್ ತೆಗೆದರೆ ಉತ್ತರ ಸರಿ ಬಂದೀತು, ಆದರೆ ಕೇಳಿದ ದಾರಿ ಅದಲ್ಲ, ಅಂಕಕ್ಕೆ ಕತ್ತರಿ ಬೀಳಬಹುದು.

ಹೆಜ್ಜೆ 3: ಫಸ್ಟ್ ಪಿಯುನಲ್ಲಿ ಎರಡನ್ನು ಬಿಡಬೇಡಿ

ಕರ್ನಾಟಕದ ಪಿಯು ವಿಜ್ಞಾನ ವಿಭಾಗಕ್ಕೆ 2012ರಿಂದ ಎನ್‌ಸಿಇಆರ್‌ಟಿ ಪಠ್ಯಕ್ರಮ ಬಂದಿದೆ. ಫಸ್ಟ್ ಪಿಯು ಪರೀಕ್ಷೆ ಪಬ್ಲಿಕ್ ಪರೀಕ್ಷೆಯಷ್ಟು ಬಿಗಿಯಲ್ಲ ಎಂಬ ಸಡಿಲಿಕೆಯಲ್ಲಿ ಒಂದು ವರ್ಷ ಕಳೆದುಹೋಗುತ್ತದೆ. ಎಲ್ಲ ಅಧ್ಯಾಯವೂ ಬೇಕು ನಿಜ, ಸಿಇಟಿಗಂತೂ ಎರಡೂ ವರ್ಷದ ಪಾಠ ಬೇಕೇ ಬೇಕು. ಆದರೆ ತ್ರಿಕೋನಮಿತಿ ಮತ್ತು ಲಿಮಿಟ್ಸ್ ಬಿಟ್ಟವರಿಗೆ ಸೆಕೆಂಡ್ ಪಿಯುನ ಅರ್ಧ ಪುಸ್ತಕ ಬಾಗಿಲು ಹಾಕಿಕೊಳ್ಳುತ್ತದೆ.

ತ್ರಿಕೋನಮಿತಿಯ ಸೂತ್ರಗಳನ್ನು ಗೋಡೆಗೆ ಅಂಟಿಸಿಕೊಂಡು ಉರು ಹೊಡೆಯುವವರಿದ್ದಾರೆ. ನನಗೆ ಆ ಪದ್ಧತಿ ಹಿಡಿಸುವುದಿಲ್ಲ. ನೆನಪಿಡಬೇಕಾದದ್ದು ಎರಡೇ: ಸೈನ್ (ಎ + ಬಿ), ಕಾಸ್ (ಎ + ಬಿ). ಉಳಿದದ್ದನ್ನು ಹುಟ್ಟಿಸಿಕೊಳ್ಳಿ. ಕಾಸ್ (ಎ + ಬಿ)ಯಲ್ಲಿ ಬಿ ಜಾಗಕ್ಕೆ ಎ ಹಾಕಿ: ಕಾಸ್ 2ಎ = ಕಾಸ್² ಎ − ಸೈನ್² ಎ. ಕಾಸ್² ಎ ಬದಲು 1 − ಸೈನ್² ಎ ಬರೆಯಿರಿ: ಕಾಸ್ 2ಎ = 1 − 2 ಸೈನ್² ಎ. ಅದನ್ನೇ ತಿರುಗಿಸಿ: ಸೈನ್² ಎ = (1 − ಕಾಸ್ 2ಎ)/2. ಮೂರೇ ಸಾಲು. ಮುಂದಿನ ವರ್ಷ ಸೈನ್² ಎಕ್ಸ್ ಅನ್ನು ಇಂಟಿಗ್ರೇಟ್ ಮಾಡಿ ಎಂದು ಬಂದಾಗ ಈ ಮೂರನೇ ಸಾಲೇ ಬೇಕು. ಉತ್ತರ ಎಕ್ಸ್/2 − (ಸೈನ್ 2ಎಕ್ಸ್)/4 + ಸಿ. ದಿನಾ ಬೆಳಗ್ಗೆ ಒಂದು ಖಾಲಿ ಹಾಳೆಯ ಮೇಲೆ ಎರಡು ಸೂತ್ರದಿಂದ ಶುರುಮಾಡಿ ಎಷ್ಟು ಹುಟ್ಟಿಸುತ್ತೀರೋ ಹುಟ್ಟಿಸಿ. ಹದಿನೈದು ದಿನ ಹೀಗೆ ಮಾಡಿದ ಮೇಲೆ ಯಾವ ಗೋಡೆಯೂ ಬೇಕಾಗುವುದಿಲ್ಲ. ಬಸ್ಸಿನಲ್ಲಿ ಓಡಾಡುವವರು ಟಿಕೆಟ್ಟಿನ ಹಿಂದೆ ಬರೆದರೂ ಆದೀತು.

ಲಿಮಿಟ್ಸ್ ವಿಷಯಕ್ಕೆ ಬಂದರೆ, ಫೋನಿನ ಕ್ಯಾಲ್ಕುಲೇಟರ್ ತೆಗೆಯಿರಿ. ರೇಡಿಯನ್ ಮೋಡ್‌ಗೆ ಹಾಕಿ ಸೈನ್ 0.1 ಒತ್ತಿ, ಬಂದದ್ದನ್ನು 0.1ರಿಂದ ಭಾಗಿಸಿ. 0.9983 ಬರುತ್ತದೆ. 0.01 ಹಾಕಿದರೆ 0.99998. ಎಕ್ಸ್ ಸೊನ್ನೆಗೆ ಹತ್ತಿರವಾದಂತೆ ಸೈನ್ ಎಕ್ಸ್/ಎಕ್ಸ್ ಒಂದಕ್ಕೆ ಹತ್ತಿರವಾಗುವುದು ಕಣ್ಣಿಗೇ ಕಾಣುತ್ತದೆ. ಈಗ ಡಿಗ್ರಿ ಮೋಡ್‌ಗೆ ಬದಲಿಸಿ ಅದನ್ನೇ ಮಾಡಿ. 0.01745 ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಅದು ಪೈಯನ್ನು 180ರಿಂದ ಭಾಗಿಸಿದ ಸಂಖ್ಯೆ. ಕಾಲೇಜಿಗೆ ಬಂದ ಮೇಲೆ ಡಿಗ್ರಿ ಬಿಟ್ಟು ರೇಡಿಯನ್ ಯಾಕೆ ಹಿಡಿದರು ಎಂದು ಕೇಳುವ ಮಕ್ಕಳಿಗೆ ನಾನು ಕೊಡುವ ಉತ್ತರ ಇದೇ. ರೇಡಿಯನ್‌ನಲ್ಲಿ ಉತ್ತರ ನೀಟಾಗಿ 1 ಬರುತ್ತದೆ, ಸೈನ್‌ನ ಡಿರೈವೇಟಿವ್ ನೀಟಾಗಿ ಕಾಸ್ ಆಗುತ್ತದೆ. ಡಿಗ್ರಿ ಇಟ್ಟುಕೊಂಡಿದ್ದರೆ ಪ್ರತಿ ಸಾಲಿನಲ್ಲೂ ಪೈ/180 ಹೊತ್ತುಕೊಂಡು ತಿರುಗಬೇಕಿತ್ತು.

ಫಸ್ಟ್ ಪಿಯುನ ಕಾಂಬಿನೇಶನ್ ಪಾಠ ಬಂದಾಗ ನಾನು ಕ್ಲಾಸಿನಲ್ಲಿ ಒಂದು ಕಥೆ ಹೇಳದೆ ಬಿಡುವುದಿಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ ಈ ಸೂತ್ರವನ್ನು ಸಾಮಾನ್ಯ ನಿಯಮವಾಗಿ ಬರೆದಿಟ್ಟಿದ್ದಾನೆ. ಉದಾಹರಣೆಗೆ ತೆಗೆದುಕೊಂಡದ್ದು ಆರು ರಸಗಳನ್ನು: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಒಂದೊಂದೇ ತೆಗೆದರೆ 6, ಎರಡೆರಡು ಬೆರೆಸಿದರೆ 15, ಮೂರು ಮೂರು 20, ಹೀಗೆ ಆರೂ ಸೇರುವವರೆಗೆ ಒಟ್ಟು 63 ರುಚಿ. ಅಡುಗೆಮನೆಯಿಂದ ಶುರುವಾದ ಪಾಠ ಮಕ್ಕಳಿಗೆ ಮರೆಯುವುದಿಲ್ಲ.

ಹೆಜ್ಜೆ 4: ಒಂದು ಲೆಕ್ಕ, ಮೂರು ಸಲ

ಈಗ ಮುಖ್ಯ ವಿಷಯ. ಪುಸ್ತಕದಲ್ಲಿ ಬಿಡಿಸಿಕೊಟ್ಟ ಉದಾಹರಣೆ ಇರುತ್ತದೆ. ಮೊದಲ ಸಲ ಅದನ್ನು ಓದುವಾಗ ಉತ್ತರವನ್ನು ಹಾಳೆಯಿಂದ ಮುಚ್ಚಿಡಿ. ಪ್ರಶ್ನೆ ಓದಿ ಎರಡು ನಿಮಿಷ ಯೋಚಿಸಿ, ಏನಾದರೂ ಬರೆಯಿರಿ. ತಪ್ಪಾದರೂ ಸರಿ. ಆಮೇಲೆ ಹಾಳೆಯನ್ನು ಒಂದೇ ಒಂದು ಸಾಲು ಕೆಳಗೆ ಸರಿಸಿ. "ಓ, ಹೀಗಾ" ಅನ್ನಿಸಿದ ಕೂಡಲೇ ಮತ್ತೆ ಮುಚ್ಚಿ, ಅಲ್ಲಿಂದ ಮುಂದೆ ನೀವೇ ಹೋಗಿ. ಸಿಕ್ಕಿಬಿದ್ದರೆ ಇನ್ನೊಂದು ಸಾಲು.

ಎರಡನೇ ಸಲ, ಅದೇ ಸಂಜೆ ಅಥವಾ ಮಾರನೇ ದಿನ, ಖಾಲಿ ಹಾಳೆಯ ಮೇಲೆ ಪ್ರಶ್ನೆ ಮಾತ್ರ ಬರೆದು ಪೂರ್ತಿ ಬಿಡಿಸಿ. ಪುಸ್ತಕ ಬೇರೆ ಕೋಣೆಯಲ್ಲಿರಲಿ. ಮೂರನೇ ಸಲ, ಒಂದು ವಾರ ಬಿಟ್ಟು, ಲೆಕ್ಕವನ್ನು ನೀವೇ ಸ್ವಲ್ಪ ಬದಲಿಸಿ ಮಾಡಿ.

ಬದಲಿಸಿ ಅಂದರೆ ಹೇಗೆ? ಸೈನ್ ಎಕ್ಸ್/(ಸೈನ್ ಎಕ್ಸ್ + ಕಾಸ್ ಎಕ್ಸ್) ಅನ್ನು 0ಯಿಂದ ಪೈ/2ರವರೆಗೆ ಇಂಟಿಗ್ರೇಟ್ ಮಾಡುವ ಲೆಕ್ಕ ತೆಗೆದುಕೊಳ್ಳಿ. ಇದನ್ನು ಐ ಎಂದು ಕರೆಯೋಣ. ಎಕ್ಸ್ ಜಾಗಕ್ಕೆ ಪೈ/2 − ಎಕ್ಸ್ ಹಾಕಿದರೆ ಸೈನ್ ಹೋಗಿ ಕಾಸ್ ಆಗುತ್ತದೆ, ಕಾಸ್ ಹೋಗಿ ಸೈನ್ ಆಗುತ್ತದೆ, ಛೇದ ಹಾಗೇ ಉಳಿಯುತ್ತದೆ. ಹೀಗಾಗಿ ಐ ಎಂದರೆ ಕಾಸ್ ಎಕ್ಸ್/(ಸೈನ್ ಎಕ್ಸ್ + ಕಾಸ್ ಎಕ್ಸ್)ನ ಇಂಟಿಗ್ರಲ್ ಕೂಡ ಹೌದು. ಎರಡನ್ನೂ ಕೂಡಿದರೆ ಮೇಲೆ ಕೆಳಗೆ ಒಂದೇ ಆಗಿ, 2ಐ ಎಂದರೆ ಬರೀ 1ರ ಇಂಟಿಗ್ರಲ್, ಅಂದರೆ ಪೈ/2. ಐ = ಪೈ/4.

ಇಲ್ಲಿಗೆ ಪುಸ್ತಕ ಮಡಚಿಟ್ಟರೆ ಒಂದು ಲೆಕ್ಕ ಬಂದ ಹಾಗಾಯಿತು. ಈಗ ಕೇಳಿಕೊಳ್ಳಿ: ಸೈನ್ ಬದಲು ಸೈನ್‌ನ ವರ್ಗಮೂಲ ಇದ್ದರೆ? ನಾಲ್ಕನೇ ಘಾತ ಇದ್ದರೆ? (ಛೇದದ ಎರಡು ಪದಕ್ಕೂ ಅದೇ ಬದಲಾವಣೆ ಮಾಡಿ.) ಉತ್ತರ ಬದಲಾಗುವುದೇ ಇಲ್ಲ, ಪೈ/4. 1/(1 + ಟ್ಯಾನ್ ಎಕ್ಸ್) ಕೊಟ್ಟರೆ? ಟ್ಯಾನ್ ಅನ್ನು ಒಡೆದು ಬರೆದರೆ ಅದೇ ಲೆಕ್ಕ ವೇಷ ಹಾಕಿಕೊಂಡು ಬಂದಿರುವುದು ಕಾಣುತ್ತದೆ. ಪರೀಕ್ಷೆಯಲ್ಲಿ ಬರುವುದು ಈ ವೇಷಗಳು. ಮನೇಲಿ ಬಂದದ್ದು ಅಲ್ಲಿ ಬರಲಿಲ್ಲ ಅಂದರೆ, ಅಲ್ಲಿ ವೇಷ ಬೇರೆ ಇತ್ತು.

ಹೀಗೆ ಮಾಡಿದರೆ ದಿನಕ್ಕೆ ನಾಲ್ಕೈದು ಲೆಕ್ಕ ಮಾತ್ರ ಆಗುತ್ತದೆ ಎಂದು ಗಾಬರಿಯಾಗುತ್ತಾರೆ. ಆಗಲಿ. ದಿನಕ್ಕೆ ಒಂದು ಗಂಟೆ, ತಪ್ಪದೆ. ಭಾನುವಾರ ಆರು ಗಂಟೆ ಕೂರುವವರಿಗಿಂತ ಇವರು ಜನವರಿ ಹೊತ್ತಿಗೆ ಮುಂದಿರುತ್ತಾರೆ. ಟ್ಯೂಷನ್‌ನಲ್ಲಿ ಬೋರ್ಡಿನಿಂದ ಇಳಿಸಿಕೊಂಡ ಐವತ್ತು ಲೆಕ್ಕ ಎಣಿಕೆಗೆ ಬರುವುದಿಲ್ಲ. ಯೂಟ್ಯೂಬ್ ವಿಡಿಯೋನೂ ಹಾಗೆಯೇ: ಪ್ರಶ್ನೆ ತೋರಿಸಿದ ತಕ್ಷಣ ವಿಡಿಯೋ ನಿಲ್ಲಿಸದಿದ್ದರೆ ಅದು ಕ್ರಿಕೆಟ್ ನೋಡಿದ ಹಾಗೆ. ಕೊಹ್ಲಿ ಆಡಿದ್ದನ್ನು ನೋಡಿ ನಿಮ್ಮ ಕೈಗೆ ಕವರ್ ಡ್ರೈವ್ ಬರುತ್ತದೆಯೇ?

ಹೆಜ್ಜೆ 5: ತಪ್ಪಿನ ಪುಸ್ತಕ

ನೂರು ಪುಟದ ಒಂದು ನೋಟ್‌ಬುಕ್ ಇದಕ್ಕೆಂದೇ ಇಡಿ. ಲೆಕ್ಕ ತಪ್ಪಿದಾಗಲೆಲ್ಲ ಪೂರ್ತಿ ಲೆಕ್ಕ ಬರೆಯಬೇಡಿ, ತಪ್ಪಿದ ಸಾಲು ಮತ್ತು ಸರಿಯಾದ ಸಾಲು, ಅಷ್ಟೇ. ಪಕ್ಕದಲ್ಲಿ ಯಾಕೆ ತಪ್ಪಿತು ಎಂದು ನಿಮ್ಮ ಮಾತಿನಲ್ಲೇ ಬರೆಯಿರಿ. "ಪ್ರಶ್ನೆ ಸರಿಯಾಗಿ ಓದಲಿಲ್ಲ", "ಮೈನಸ್ ನುಂಗಿದೆ", "ಸೂತ್ರವೇ ಗೊತ್ತಿರಲಿಲ್ಲ". ಎರಡು ತಿಂಗಳಾದ ಮೇಲೆ ತಿರುವಿ ನೋಡಿದರೆ ಒಂದೇ ತಪ್ಪು ಹತ್ತು ಸಲ ಕಾಣುತ್ತದೆ. ಪ್ರತಿಯೊಬ್ಬರಿಗೂ ತಮ್ಮದೇ ಆದ ಮೂರ್ನಾಲ್ಕು ಸಾಕಿದ ತಪ್ಪುಗಳಿರುತ್ತವೆ.

ನನ್ನ ಕ್ಲಾಸುಗಳಲ್ಲಿ ವರ್ಷ ವರ್ಷವೂ ಹಾಜರಿ ಹಾಕುವ ಕೆಲವು ಇಲ್ಲಿವೆ. ಮೂರನೇ ಆರ್ಡರಿನ ಮ್ಯಾಟ್ರಿಕ್ಸ್ ಎ, ಅದರ ಡಿಟರ್ಮಿನಂಟ್ 4. ಹಾಗಾದರೆ 2ಎಯ ಡಿಟರ್ಮಿನಂಟ್ ಎಷ್ಟು? ಅರ್ಧ ಕ್ಲಾಸು 8 ಅನ್ನುತ್ತದೆ. ಮೂರು ಸಾಲಿನಿಂದಲೂ ಒಂದೊಂದು 2 ಹೊರಗೆ ಬರಬೇಕು, 8 ಸಲ 4, ಉತ್ತರ 32. ಇನ್ನೊಂದು: ಮ್ಯಾಟ್ರಿಕ್ಸ್‌ಗಳಲ್ಲಿ (ಎ + ಬಿ)² ಬಿಡಿಸುವಾಗ ಕೈ ತಾನಾಗಿಯೇ 2ಎಬಿ ಬರೆದುಬಿಡುತ್ತದೆ. ಎಬಿ ಬೇರೆ, ಬಿಎ ಬೇರೆ. ಎರಡನ್ನೂ ಬಿಡಿಬಿಡಿಯಾಗಿ ಬರೆಯಬೇಕು. ಮತ್ತೊಂದು: 1/(ಎಕ್ಸ್² + 2ಎಕ್ಸ್ + 5) ಇಂಟಿಗ್ರೇಟ್ ಮಾಡುವಾಗ ಛೇದವನ್ನು (ಎಕ್ಸ್ + 1)² + 2² ಎಂದು ಚೆನ್ನಾಗಿ ಜೋಡಿಸುತ್ತಾರೆ, ಟ್ಯಾನ್ ಇನ್ವರ್ಸ್ (ಎಕ್ಸ್ + 1)/2 ಎಂದೂ ಬರೆಯುತ್ತಾರೆ, ಮುಂದೆ ನಿಲ್ಲಬೇಕಾದ 1/2 ಮರೆಯುತ್ತಾರೆ. ಇದಕ್ಕೆ ಔಷಧ ಇದೆ. ಇಂಟಿಗ್ರೇಶನ್ ಉತ್ತರ ಬಂದ ಕೂಡಲೇ ಅದನ್ನು ಡಿಫರೆನ್ಷಿಯೇಟ್ ಮಾಡಿ ನೋಡಿ. ಹೊರಟ ಜಾಗಕ್ಕೆ ವಾಪಸ್ ಬರಬೇಕು. ಅರ್ಧ ನಿಮಿಷದ ಕೆಲಸ.

ಮ್ಯಾಟ್ರಿಕ್ಸ್ ವಿಧಾನದಲ್ಲಿ ಮೂರು ಸಮೀಕರಣ ಬಿಡಿಸುವ ಐದು ಅಂಕದ ಲೆಕ್ಕಕ್ಕೂ ಇಂಥ ಒಂದು ತಪಾಸಣೆ ಇದೆ. ಒಂಬತ್ತು ಕೋಫ್ಯಾಕ್ಟರ್ ತೆಗೆಯುವಾಗ ಒಂದು ಚಿಹ್ನೆ ತಪ್ಪಿದರೂ ಉತ್ತರ ಅಯೋಮಯ. ಮೊದಲ ಸಾಲಿನ ಅಂಶಗಳನ್ನು ಅದೇ ಸಾಲಿನ ಕೋಫ್ಯಾಕ್ಟರ್‌ಗಳಿಂದ ಗುಣಿಸಿ ಕೂಡಿದರೆ ಡಿಟರ್ಮಿನಂಟ್ ಬರಬೇಕು. ಎರಡನೇ ಸಾಲಿನ ಕೋಫ್ಯಾಕ್ಟರ್‌ಗಳಿಂದ ಗುಣಿಸಿ ಕೂಡಿದರೆ ಸೊನ್ನೆ ಬರಬೇಕು, ಮೂರನೇ ಸಾಲಿನವುಗಳಿಂದ ಗುಣಿಸಿದರೂ ಸೊನ್ನೆ. ಬರದಿದ್ದರೆ ಅಲ್ಲೇ ನಿಲ್ಲಿ, ಮುಂದೆ ಹೋಗಬೇಡಿ.

ಹೆಜ್ಜೆ 6: ಕೈಗೆ ಸಿಗುವುದನ್ನು ಕೈಯಲ್ಲಿ ಮಾಡಿ

ಮ್ಯಾಕ್ಸಿಮಾ-ಮಿನಿಮಾ ಲೆಕ್ಕಗಳನ್ನು ಬರೀ ಸಂಕೇತದಲ್ಲಿ ಕಲಿತವರಿಗೆ ಪ್ರಶ್ನೆಯ ಮೊದಲ ಸಾಲು ಓದಿದರೇ ತಲೆ ತಿರುಗುತ್ತದೆ. 18 ಸೆಂ.ಮೀ. ಬದಿಯ ಚೌಕ ತಗಡಿನ ನಾಲ್ಕು ಮೂಲೆಯಲ್ಲಿ ಸಮನಾದ ಚಿಕ್ಕ ಚೌಕ ಕತ್ತರಿಸಿ, ಬದಿಗಳನ್ನು ಮಡಚಿ ಡಬ್ಬಿ ಮಾಡಬೇಕು. ಡಬ್ಬಿಯಲ್ಲಿ ಅತಿ ಹೆಚ್ಚು ಹಿಡಿಯಬೇಕಾದರೆ ಎಷ್ಟು ಕತ್ತರಿಸಬೇಕು?

ತಗಡು ಬೇಡ, ರಟ್ಟು ತನ್ನಿ. ಮೂರು ಚೌಕ ಮಾಡಿಕೊಳ್ಳಿ. ಒಂದರಲ್ಲಿ ಮೂಲೆಗೆ 2 ಸೆಂ.ಮೀ., ಇನ್ನೊಂದರಲ್ಲಿ 3, ಮತ್ತೊಂದರಲ್ಲಿ 4 ಕತ್ತರಿಸಿ, ಮಡಚಿ, ಅಂಟಿಸಿ. ಅಮ್ಮನನ್ನು ಕೇಳಿ ರಾಗಿ ತಂದು ತುಂಬಿ, ಲೋಟದಲ್ಲಿ ಅಳೆಯಿರಿ. 2ರ ಡಬ್ಬಿ ಅಗಲ, ಆದರೆ ತಟ್ಟೆಯಂತೆ ಚಪ್ಪಟೆ. 4ರದು ಎತ್ತರ, ಆದರೆ ಇಕ್ಕಟ್ಟು. ಲೆಕ್ಕದ ಪ್ರಕಾರ ಮೊದಲನೆಯದು 392 ಘನ ಸೆಂ.ಮೀ., ಮೂರನೆಯದು 400, ಮಧ್ಯದ್ದು 432. ಈಗ ಎಕ್ಸ್ ಎಂದು ಬರೆಯಿರಿ: ಗಾತ್ರ = ಎಕ್ಸ್(18 − 2ಎಕ್ಸ್)². ಡಿಫರೆನ್ಷಿಯೇಟ್ ಮಾಡಿ ಅಪವರ್ತಿಸಿದರೆ (18 − 2ಎಕ್ಸ್)(18 − 6ಎಕ್ಸ್) = 0. ಎಕ್ಸ್ 9 ಅಥವಾ 3. ಒಂಬತ್ತು ಕತ್ತರಿಸಿದರೆ ರಟ್ಟೇ ಉಳಿಯುವುದಿಲ್ಲ, ಆದ್ದರಿಂದ 3. ಡಿರೈವೇಟಿವ್ ಸೊನ್ನೆ ಎಂದರೆ ಏನೆಂದು ರಾಗಿ ಅಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಏರುತ್ತಿದ್ದದ್ದು ಇಳಿಯಲು ತಿರುಗುವ ಜಾಗ ಅದು.

ಬೇಯ್ಸ್ ಪ್ರಮೇಯಕ್ಕೂ ಇದೇ ಮಾತು. ಸೂತ್ರಕ್ಕೆ ಮೊದಲು ತಲೆ ಎಣಿಸಿ. ಒಂದು ಊರಿನಲ್ಲಿ 10,000 ಜನ, ಶೇ. 1ರಷ್ಟು ಮಂದಿಗೆ ಒಂದು ಕಾಯಿಲೆ ಇದೆ ಅನ್ನೋಣ. ಅಂದರೆ 100 ಜನ. ಟೆಸ್ಟ್ ಮಾಡಿದರೆ ಕಾಯಿಲೆ ಇರುವವರಲ್ಲಿ ಶೇ. 90 ಮಂದಿಗೆ ಪಾಸಿಟಿವ್ ಬರುತ್ತದೆ, ಇಲ್ಲದವರಲ್ಲೂ ಶೇ. 5 ಮಂದಿಗೆ ತಪ್ಪಾಗಿ ಪಾಸಿಟಿವ್ ಬರುತ್ತದೆ. ಪಾಸಿಟಿವ್ ಬಂದವನಿಗೆ ನಿಜವಾಗಿ ಕಾಯಿಲೆ ಇರುವ ಸಂಭವ ಎಷ್ಟು? ಇರುವವರಿಂದ 90, ಇಲ್ಲದ 9,900 ಜನರಿಂದ 495. ಒಟ್ಟು 585 ಪಾಸಿಟಿವ್, ಅದರಲ್ಲಿ ನಿಜವಾದದ್ದು 90. 90/585, ಅಂದರೆ 2/13. ನೂರಕ್ಕೆ ಹದಿನೈದು! ತೊಂಬತ್ತು ಎಂದು ಊಹಿಸಿದ್ದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ಸೂತ್ರ ಬರೆದರೆ, ಮೇಲಿರುವುದು ಆ 90, ಕೆಳಗಿರುವುದು ಆ 585 ಎಂದು ತಾನಾಗಿಯೇ ಗೊತ್ತಾಗುತ್ತದೆ.

ಹೆಜ್ಜೆ 7: ವರ್ಷವನ್ನು ಹಂಚಿಕೊಳ್ಳುವುದು

ಸೆಕೆಂಡ್ ಪಿಯುನಲ್ಲಿ 13 ಅಧ್ಯಾಯ. ಮೊದಲ ಆರು ಪುಸ್ತಕದ ಒಂದನೇ ಭಾಗದಲ್ಲಿ, ಉಳಿದ ಏಳು ಎರಡನೇ ಭಾಗದಲ್ಲಿ. ಐದರಿಂದ ಒಂಬತ್ತರವರೆಗಿನ ಐದು ಅಧ್ಯಾಯ ಪೂರ್ತಿ ಕ್ಯಾಲ್ಕುಲಸ್. ವರ್ಷದ ಅರ್ಧ ಶ್ರಮ ಅಲ್ಲಿಗೇ ಹೋಗುತ್ತದೆ, ಹೋಗಬೇಕು. ಇಂಟಿಗ್ರಲ್ಸ್ ಅಧ್ಯಾಯವೊಂದರಲ್ಲೇ ಹತ್ತು ಅಭ್ಯಾಸಗಳಿವೆ, ಮಿಸಲೇನಿಯಸ್ ಬೇರೆ.

ಜೂನ್-ಜುಲೈಯಲ್ಲಿ ಮ್ಯಾಟ್ರಿಕ್ಸ್, ಡಿಟರ್ಮಿನಂಟ್ ಗಟ್ಟಿ ಮಾಡಿ. ಹೊಸ ವಿಷಯ, ಹಳೆಯ ಬಾಕಿ ಅಷ್ಟಾಗಿ ಅಡ್ಡ ಬರುವುದಿಲ್ಲ, ಧೈರ್ಯ ಬರುತ್ತದೆ. ಡಿಫರೆನ್ಷಿಯೇಶನ್ ಕಾಲೇಜಿನಲ್ಲಿ ನಡೆಯುವಾಗ ದಿನಾ ಹತ್ತು ಚಿಕ್ಕ ಲೆಕ್ಕ, ಬಾಯಲ್ಲಿ ಹೇಳಿದರೂ ಸಾಕು. ಇಲ್ಲಿ ಚೈನ್ ರೂಲ್ ನಾಲಿಗೆ ಮೇಲಿದ್ದರೆ ಮಾತ್ರ ಇಂಟಿಗ್ರೇಶನ್ ಕೈಗೆ ಹತ್ತುತ್ತದೆ. ದಸರಾ ರಜೆಯನ್ನು ಇಂಟಿಗ್ರೇಶನ್‌ಗೇ ಬರೆದಿಡಿ. ವೆಕ್ಟರ್ ಮತ್ತು ತ್ರೀ-ಡಿ ಒಟ್ಟಿಗೆ ಓದಿ, ಅವು ಒಂದೇ ವಿಷಯದ ಎರಡು ಮುಖ. ಲೀನಿಯರ್ ಪ್ರೋಗ್ರಾಮಿಂಗ್‌ಗೆ ಎರಡು ಸಂಜೆ ಸಾಕು. ಡಿಸೆಂಬರ್ ಮುಗಿಯುವ ಹೊತ್ತಿಗೆ ಪಾಠ ಒಂದು ಸುತ್ತು ಆಗಿರಲಿ. ಜನವರಿಯಿಂದ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳು, ವಾರಕ್ಕೆ ಎರಡು. ಗೈಡ್ ಕೊಳ್ಳಲೇಬೇಕೆಂದಿಲ್ಲ. ಎನ್‌ಸಿಇಆರ್‌ಟಿ ಪುಸ್ತಕ ಅದರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಮಾದರಿ ಪ್ರಶ್ನೆಪತ್ರಿಕೆಗಳನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ.

ಹೆಜ್ಜೆ 8: ಪತ್ರಿಕೆ ಬರೆಯುವ ಮೂರು ಗಂಟೆ

2023-24ರಿಂದ ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ. ಪತ್ರಿಕೆಯ ಎ ಭಾಗದಲ್ಲಿ ಒಂದೊಂದು ಅಂಕದ 20 ಪ್ರಶ್ನೆ, ಬಹು ಆಯ್ಕೆ 15, ಬಿಟ್ಟ ಸ್ಥಳ ತುಂಬುವುದು 5. ಬಿ ಭಾಗದಲ್ಲಿ ಎರಡಂಕದ ಆರು, ಸಿಯಲ್ಲಿ ಮೂರಂಕದ ಆರು, ಡಿಯಲ್ಲಿ ಐದಂಕದ ನಾಲ್ಕು ಬರೆಯಬೇಕು, ಇವಕ್ಕೆಲ್ಲ ಆಯ್ಕೆ ಇರುತ್ತದೆ. ಕೊನೆಯ ಇ ಭಾಗದಲ್ಲಿ ಆರು ಅಂಕದ್ದು ಒಂದು, ನಾಲ್ಕು ಅಂಕದ್ದು ಒಂದು. ಮಂಡಲಿ ಆಗಾಗ ಬದಲಾವಣೆ ಮಾಡುತ್ತದೆ, ನಿಮ್ಮ ವರ್ಷದ ಮಾದರಿ ಪತ್ರಿಕೆಯನ್ನು ಒಮ್ಮೆ ಕಣ್ಣಾರೆ ನೋಡಿ.

ಇ ಭಾಗದ ಆರು ಅಂಕಕ್ಕೆ ಸಾಮಾನ್ಯವಾಗಿ ಡೆಫಿನಿಟ್ ಇಂಟಿಗ್ರಲ್‌ನ ಒಂದು ಗುಣಲಕ್ಷಣವನ್ನು ಸಾಧಿಸಿ ಬಳಸುವ ಲೆಕ್ಕ, ಇಲ್ಲವೇ ಲೀನಿಯರ್ ಪ್ರೋಗ್ರಾಮಿಂಗ್. ಎರಡು ಸಂಜೆಯಲ್ಲಿ ಕಲಿತದ್ದಕ್ಕೆ ಆರು ಅಂಕ! ಪೆನ್ಸಿಲ್ ಮೊನೆ ಚೂಪಾಗಿರಲಿ, ಸ್ಕೇಲ್ ಮರೆಯಬೇಡಿ, ಗ್ರಾಫ್ ಶೀಟ್‌ನಲ್ಲಿ ಅಕ್ಷಗಳಿಗೆ ಹೆಸರು, ಅಳತೆ ಬರೆಯಿರಿ. ಮೂಲೆ ಬಿಂದುಗಳನ್ನು ಗ್ರಾಫ್ ನೋಡಿ ಅಂದಾಜು ಮಾಡದೆ ಸಮೀಕರಣ ಬಿಡಿಸಿಯೇ ತೆಗೆಯಿರಿ.

ಎ ಭಾಗವನ್ನು ಮೊದಲು ಮುಗಿಸಿ, ಆದರೆ ಇಪ್ಪತ್ತೈದು ನಿಮಿಷ ಮೀರಬೇಡಿ. ಅಲ್ಲಿ ಮೊದಲು ಬರೆದ ಉತ್ತರವನ್ನೇ ಪರಿಗಣಿಸುತ್ತಾರೆ, ಹೊಡೆದು ಮತ್ತೆ ಬರೆಯುವ ಆಟ ನಡೆಯುವುದಿಲ್ಲ. ಆಮೇಲೆ ತಲೆ ತಾಜಾ ಇರುವಾಗಲೇ ಡಿ ಮತ್ತು ಇ, ಕೊನೆಗೆ ಸಿ ಮತ್ತು ಬಿ. ಇದು ನನ್ನ ಅಭಿಪ್ರಾಯ, ಒಪ್ಪದ ಸಹೋದ್ಯೋಗಿಗಳಿದ್ದಾರೆ. ಪ್ರಿಪರೇಟರಿಯಲ್ಲಿ ಒಮ್ಮೆ ಹಾಗೆ, ಒಮ್ಮೆ ಹೀಗೆ ಬರೆದು ನಿಮಗೆ ಒಗ್ಗುವುದನ್ನು ಇಟ್ಟುಕೊಳ್ಳಿ. ಉತ್ತರ ಬರದಿದ್ದರೂ ಸೂತ್ರ ಬರೆಯಿರಿ, ಬೆಲೆ ತುಂಬಿ ಬಿಡಿ. ಹಂತಕ್ಕೆ ಅಂಕ ಇದೆ. ಇಂಡೆಫಿನಿಟ್ ಇಂಟಿಗ್ರೇಶನ್‌ನಲ್ಲಿ '+ ಸಿ' ಬಿಡಬೇಡಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕ್ಲಾಸಿಗೆ ಮೂವರು ಬಿಡುತ್ತಾರೆ.

ಸಿಇಟಿ, ಜೆಇಇ

ಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ 80 ಸೆಕೆಂಡು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಇಂಜಿನಿಯರಿಂಗ್ ರ್‍ಯಾಂಕಿಗೆ ಪಿಯು ಪರೀಕ್ಷೆಯ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಅಂಕಕ್ಕೆ ಅರ್ಧ ತೂಕ, ಸಿಇಟಿಗೆ ಅರ್ಧ ತೂಕ. ಬೋರ್ಡ್ ಪರೀಕ್ಷೆ ಹಗುರವಾಗಿ ತೆಗೆದುಕೊಂಡು ಸಿಇಟಿ ಕ್ರ್ಯಾಶ್ ಕೋರ್ಸಿಗೆ ದುಡ್ಡು ಸುರಿಯುವ ಪೋಷಕರು ಈ ಅರ್ಧವನ್ನು ಮರೆತಿರುತ್ತಾರೆ.

ಇಲ್ಲಿ ಹಂತಗಳು ಬೇಡ, ಚುರುಕು ಬೇಕು. ಆಯ್ಕೆಗಳನ್ನೇ ಪ್ರಶ್ನೆಗೆ ಹಾಕಿ ನೋಡಿ. ಎಕ್ಸ್ ಜಾಗಕ್ಕೆ 0 ಅಥವಾ 1 ಹಾಕಿದರೆ ಎರಡು ಆಯ್ಕೆ ಉದುರಿಹೋಗುತ್ತವೆ. ಇಂಟಿಗ್ರೇಶನ್ ಪ್ರಶ್ನೆಯಲ್ಲಿ ಆಯ್ಕೆಯನ್ನು ಡಿಫರೆನ್ಷಿಯೇಟ್ ಮಾಡುವುದೇ ಎಷ್ಟೋ ಸಲ ಬೇಗ. ಜೆಇಇ ಮೇನ್ ಬೇರೆ ಮಟ್ಟದ್ದು, ತಪ್ಪಿಗೆ ಒಂದಂಕ ಕಳೆಯುತ್ತಾರೆ, ಊಹೆಗೆ ಬೆಲೆ ತೆರಬೇಕು. ಆ ಪತ್ರಿಕೆಯನ್ನು 2021ರಿಂದ ಕನ್ನಡದಲ್ಲೂ ಬರೆಯಬಹುದು ಎಂಬುದು ಕನ್ನಡ ಮಾಧ್ಯಮದ ಎಷ್ಟೋ ಮನೆಗಳಿಗೆ ಇನ್ನೂ ತಲುಪಿಲ್ಲ.

ಅಂಕ ಕಡಿಮೆ ಬಂದರೆ

2024ರಿಂದ ಪರೀಕ್ಷೆ-1 ಆದಮೇಲೆ ಪರೀಕ್ಷೆ-2ರ ಅವಕಾಶವೂ ಇದೆ; 2024, 2025ರಲ್ಲಿ ಪರೀಕ್ಷೆ-3 ಕೂಡ ಇತ್ತು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಆದರೆ ಅರ್ಜಿ ತುಂಬುವ ಮೊದಲು ಮಂಡಲಿಗೆ ಶುಲ್ಕ ಕಟ್ಟಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಿ. ನಿಮ್ಮ ಲೆಕ್ಚರರ್ ಮುಂದೆ ಕೂತು ಒಂದೊಂದೇ ಪುಟ ತಿರುವಿ. ಎಣಿಕೆಯಲ್ಲೋ ಮೌಲ್ಯಮಾಪನದಲ್ಲೋ ವ್ಯತ್ಯಾಸ ಕಂಡರೆ ಮರುಮೌಲ್ಯಮಾಪನಕ್ಕೆ ಹಾಕಿ. ಕಾಣದಿದ್ದರೆ ತಪ್ಪಿನ ಪುಸ್ತಕ ತೆಗೆದು, ಆ ಮೂರು ಗಂಟೆಯಲ್ಲಿ ತಪ್ಪಿದ ಸಾಲುಗಳನ್ನೂ ಅದರಲ್ಲಿ ಇಳಿಸಿ. ಹಳೆಯ ಪುಟದಲ್ಲಿದ್ದ ಅದೇ ಮೈನಸ್ ಚಿಹ್ನೆ ಅಲ್ಲೂ ಕೂತಿರುತ್ತದೆ. ಪರೀಕ್ಷೆ-2ರ ಓದನ್ನು ಅಲ್ಲಿಂದ ಶುರುಮಾಡಿ.